ಕೆಂಪು ನಿಲುವಂಗಿಯ ನ್ಯೂಮನ್: ಚಿತ್ರದ ಇಸವಿ ಬೇರೆ, ಹಾಳೆಯ ಇಸವಿ ಬೇರೆ

(ಮಂಗಳೂರಿನ ಓದುಗರೊಬ್ಬರ ಪತ್ರದ ಸಾರ: ಅಜ್ಜನ ಕಾಲದ ಕಪ್ಪು-ಬಿಳುಪು ಚಿತ್ರವೊಂದು ಮನೆಯಲ್ಲಿದೆ. ಹಿಂಬದಿಯ ಹಲಗೆಯ ಮೇಲೆ ‘ಕಾರ್ಡಿನಲ್ ನ್ಯೂಮನ್, 1845’ ಎಂದು ಶಾಯಿಯಲ್ಲಿ ಬರೆದಿದೆ. ಅವರು ಕಥೋಲಿಕರಾದಾಗ ಬರೆಸಿದ ಚಿತ್ರವೇ ಇದು? ಮೂಲಪ್ರತಿಯೇ? ಹಾಳೆಯಲ್ಲಿ ಕಂದು ಚುಕ್ಕೆಗಳೆದ್ದಿವೆ, ಏನು ಮಾಡಲಿ?)

ನೀವು ಕಳಿಸಿದ ಫೋಟೋ ನೋಡಿದೆವು. ಇದು 1845ರದ್ದಂತೂ ಅಲ್ಲ. ಇಂಗ್ಲೆಂಡಿನ ಪಾದ್ರಿ ಜಾನ್ ಹೆನ್ರಿ ನ್ಯೂಮನ್ ಅಲ್ಲಿನ ಪ್ರಾಟೆಸ್ಟೆಂಟ್ ಚರ್ಚಾದ ಆಂಗ್ಲಿಕನ್ ಸಭೆ ಬಿಟ್ಟು ಕಥೋಲಿಕರಾದದ್ದು 1845ರ ಅಕ್ಟೋಬರ್ 9ರಂದು, ಆಕ್ಸ್‌ಫರ್ಡ್ ಪಕ್ಕದ ಲಿಟಲ್‌ಮೋರ್‌ನಲ್ಲಿ. ಆಗ ಅವರಿಗೆ 44 ವರ್ಷ. ನಿಮ್ಮ ಚಿತ್ರದಲ್ಲಿ ಕೂತವರು ಎಂಬತ್ತರ ಮುದುಕರು. ಪೋಪ್ ಹದಿಮೂರನೇ ಲಿಯೋ ನ್ಯೂಮನ್‌ರನ್ನು ಕಾರ್ಡಿನಲ್, ಅಂದರೆ ಪೋಪ್‌ಗಿಂತ ಕೆಳಗಿನ ಉನ್ನತ ಪದವಿಯ ಧರ್ಮಾಧಿಕಾರಿ, ಮಾಡಿದ್ದು 1879ರಲ್ಲಿ. ಭುಜ ಮುಚ್ಚುವ ಆ ರೇಷ್ಮೆಯ ಮೇಲಂಗಿ, ನೆತ್ತಿಯ ಪುಟ್ಟ ದುಂಡು ಟೋಪಿ ಬಂದದ್ದು ಆಮೇಲೆ. ಹಲಗೆಯ ಮೇಲೆ ಬರೆದವರು ಅವರ ಬದುಕಿನ ಪ್ರಸಿದ್ಧ ಇಸವಿಯನ್ನೇ ಚಿತ್ರಕ್ಕೂ ಹಚ್ಚಿಬಿಟ್ಟಿದ್ದಾರೆ.

ಮತಾಂತರದ ಆಸುಪಾಸಿನ ಮುಖ ನೋಡಬೇಕೆಂದರೆ ಜಾರ್ಜ್ ರಿಚ್‌ಮಂಡ್ 1844ರಲ್ಲಿ ಚಾಕ್‌ನಲ್ಲಿ ಬರೆದ ಚಿತ್ರ ಹುಡುಕಿ. ಅದು ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಅಲ್ಲಿ ಅವರಿನ್ನೂ ಆಂಗ್ಲಿಕನ್ ಪಾದ್ರಿ.

ಉಡುಪೇ ಇಲ್ಲಿ ಮೊದಲ ಪಂಚಾಂಗ. ಕಪ್ಪು ನಿಲುವಂಗಿಯ ಕುತ್ತಿಗೆಯ ಮೇಲೆ ಬಿಳಿ ಕಾಲರ್ ಹೊರಕ್ಕೆ ಮಡಚಿದ್ದರೆ ಅದು ಆರೇಟರಿ ಎಂಬ ಕಥೋಲಿಕ ಸಂಘದ ಪಾದ್ರಿಗಳ ವೇಷ. ನ್ಯೂಮನ್ ಬರ್ಮಿಂಗ್‌ಹ್ಯಾಮ್‌ನಲ್ಲಿ ಆ ಸಂಘದ ಶಾಖೆ ಸ್ಥಾಪಿಸಿದ್ದು 1848ರಲ್ಲಿ, ಹಾಗಾಗಿ ಅಂಥ ಚಿತ್ರ 1845ರದ್ದಾಗಲು ಸಾಧ್ಯವೇ ಇಲ್ಲ. ಅಂಚಿನಲ್ಲಿ ನ್ಯೂಮನ್‌ರ ಮೂರು ಹೃದಯಗಳ ಲಾಂಛನವಿದ್ದು ಅದರ ಮೇಲೆ ಕಾರ್ಡಿನಲ್‌ಗಳ ಗೊಂಡೆಯ ಟೋಪಿ ಇದ್ದರೆ 1879ರ ನಂತರದ್ದು. ಆದರೆ ಕಪ್ಪು-ಬಿಳುಪಿನಲ್ಲಿ ಬಣ್ಣ ನಂಬುವ ಹಾಗಿಲ್ಲ. ಆ ಕಾಲದ ಫೋಟೋ ಗಾಜುಫಲಕಗಳಿಗೆ ಕೆಂಪು ಬೆಳಕು ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ. 1880ರ ದಶಕದ ಫೋಟೋಗಳಲ್ಲಿ ಕೆಂಪು ಟೋಪಿಯೂ ಕಪ್ಪಾಗಿ ಬೀಳುತ್ತದೆ. ಅಂಥಲ್ಲಿ ನೋಡಬೇಕಾದ್ದು ಬಟ್ಟೆಯ ಹೊಳಪು ಮತ್ತು ಹೊಲಿಗೆ.

ಕಾರ್ಡಿನಲ್ ವೇಷದ ತೈಲಚಿತ್ರಗಳಲ್ಲಿ ಮುಖ್ಯವಾದವು ಮೂರು: ವಾಲ್ಟರ್ ಊಲೆಸ್ ಬರೆದದ್ದು, ನಾರ್ಫೋಕ್ ಡ್ಯೂಕ್‌ಗಾಗಿ ಜಾನ್ ಎವರೆಟ್ ಮಿಲೇ 1881ರಲ್ಲಿ ಬರೆದದ್ದು, ನ್ಯೂಮನ್ ತೀರಿಕೊಳ್ಳುವ ಹಿಂದಿನ ವರ್ಷ, 1889ರಲ್ಲಿ, ಎಮ್ಮೆಲೀನ್ ಡೀನ್ ಬರೆದದ್ದು. ನಿಮ್ಮದು ಮಿಲೇ ಚಿತ್ರದ ಭಂಗಿ. ಬಣ್ಣದ ವೈಭವಕ್ಕೆ ಮಿಲೇ ಗೆದ್ದರೂ, ನ್ಯೂಮನ್ ಎಂಬ ಮನುಷ್ಯ ನಮಗೆ ಸಿಗುವುದು ಡೀನ್ ಕೈಯಲ್ಲಿ. ಇದು ನಮ್ಮ ಅಭಿಪ್ರಾಯ, ಜಗಳಕ್ಕೆ ಬರುವವರು ಬರಲಿ.

ಮಿಲೇಯ ಮೂಲ ತೈಲಚಿತ್ರ ಲಂಡನ್ನಿನ ಅದೇ ಗ್ಯಾಲರಿಯಲ್ಲಿರುವುದರಿಂದ ನಿಮ್ಮಲ್ಲಿರುವುದು ಮುದ್ರಣ. ಯಾವ ಬಗೆಯದು ಎಂಬುದೇ ಪ್ರಶ್ನೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯನ್ನು ಕೆನ್ನೆಯ ನೆರಳಿನ ಮೇಲೆ ಹಿಡಿಯಿರಿ. ಸಾಲು ಸಾಲಾಗಿ ಒಂದೇ ಅಂತರದ ಚುಕ್ಕೆಗಳು ಕಂಡರೆ ಅದು ಪತ್ರಿಕೆಗಳಲ್ಲಿ ಬರುತ್ತಿದ್ದ ಹಾಫ್‌ಟೋನ್; ಬೆಲೆ ಅಷ್ಟಕ್ಕಷ್ಟೆ. ಗೆರೆಯೇ ಇಲ್ಲದೆ ಮಖಮಲ್ಲಿನಂಥ ಕಪ್ಪು, ಅದರೊಳಗೆ ಅಡ್ಡಡ್ಡ ನೇಯ್ದಂತೆ ಸೂಕ್ಷ್ಮ ತರಿ ಇದ್ದರೆ ಮೆಜೊಟಿಂಟ್, ಅಂದರೆ ಲೋಹದ ತಗಡನ್ನು ತರಿತರಿ ಮಾಡಿ ಕೈಯಿಂದ ಕೆತ್ತಿದ ಚಿತ್ರ. ಟಿ. ಓ. ಬಾರ್ಲೊ ಈ ಚಿತ್ರವನ್ನು ಹಾಗೆ ತಗಡಿನ ಕೆತ್ತನೆಯಾಗಿ ಮಾಡಿದ್ದರು. ನಿಮ್ಮದು ಅದಾದರೆ ಅದೃಷ್ಟ. ತರಿ ಇದ್ದೂ ಅದಕ್ಕೆ ಕ್ರಮವಿಲ್ಲದಿದ್ದರೆ ಫೋಟೋಗ್ರಾವ್ಯೂರ್, ಅಂದರೆ ಫೋಟೋ ಮೂಲಕ ತಗಡಿಗಿಳಿಸಿ ಒತ್ತಿದ ಮುದ್ರಣ.

ಇಲ್ಲಿ ಮೋಸ ಹೋಗುವುದು ಸುಲಭ. ಕೆತ್ತನೆಯ ತಗಡನ್ನು ಒತ್ತಿದಾಗ ಚಿತ್ರದ ಸುತ್ತ ಹಾಳೆ ತಗ್ಗಾಗಿ ಚೌಕಟ್ಟಿನ ಗುರುತು ಉಳಿಯುತ್ತದೆ, ಆದರೆ ಫೋಟೋಗ್ರಾವ್ಯೂರ್‌ನಲ್ಲೂ ಅದು ಇರುತ್ತದೆ. ಆದ್ದರಿಂದ ಗುರುತೊಂದೇ ಸಾಲದು. ಸಾಮಾನ್ಯವಾಗಿ ಚಿತ್ರದ ಕೆಳಗೆ ಎಡತುದಿಯಲ್ಲಿ ಬರೆದವರ, ಬಲತುದಿಯಲ್ಲಿ ಕೆತ್ತಿದವರ ಹೆಸರಿರುತ್ತದೆ. ಫ್ರೇಮಿಗೆ ಕೂರಿಸಲು ಅಂಚು ಕತ್ತರಿಸಿದ್ದರೆ ಹೆಸರು, ಗುರುತು ಎರಡೂ ಹೋದವು. ಫೋಟೋದಲ್ಲಿ ನಿಮ್ಮದಕ್ಕೆ ಹಾಗೇ ಆದಂತಿದೆ, ಬಿಚ್ಚಿ ನೋಡಿದರೇ ಖಚಿತ.

ಬಿಚ್ಚುವಾಗ ಮುಖ ಕೆಳಗಾಗಿ ಮಲಗಿಸಿ ಹಿಂದಿನ ಮೊಳೆ ತೆಗೆಯಿರಿ. ಹಾಳೆ ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ಗಾಜಿನ ಸಮೇತ ಕಾಗದ ಸಂರಕ್ಷಕರಿಗೆ ಕೊಡಿ. ಕಂದು ಚುಕ್ಕೆಗೆ ತೇವವೇ ಮೂಲ: ಕಾಗದದೊಳಗಿನ ಲೋಹದ ಕಣ, ಬೂಷ್ಟು ಎರಡಕ್ಕೂ ಅದರಿಂದಲೇ ಜೀವ. ಬ್ಲೀಚ್, ನಿಂಬೆರಸ ಮುಟ್ಟಿಸಬೇಡಿ. ಚುಕ್ಕೆ ಮಾಸಿದರೂ ನಾರು ಪುಡಿಯಾಗುತ್ತದೆ. ಸೆಲ್ಲೋಟೇಪೂ ಬೇಡ, ಅದರ ಅಂಟು ಹಾಳೆಗೆ ಇಳಿದು ಹಳದಿಯಾಗುತ್ತದೆ. ಮರದ ಹಲಗೆ ಆಮ್ಲ ಬಿಡುವುದರಿಂದ ಅದನ್ನು ತೆಗೆದು, ಆಮ್ಲರಹಿತ ಹತ್ತಿಕಾಗದದ ಬೋರ್ಡ್ ಹಾಕಿಸಿ. ಗಾಜಿಗೂ ಹಾಳೆಗೂ ನಡುವೆ ಕನಿಷ್ಠ 3 ಮಿ.ಮೀ. ಅಂತರ ಬಿಡುವ ಮೌಂಟ್ ಇರಲಿ, ಹಾಳೆಯನ್ನು ಪೂರ್ತಿ ಅಂಟಿಸದೆ ಮೇಲಂಚಿನಲ್ಲಿ ಎರಡು ಕಡೆ ಮಾತ್ರ ಜಪಾನಿ ಕಾಗದದ ಪಟ್ಟಿ, ಗೋಧಿ ಗಂಜಿಯಿಂದ ತೂಗುಬಿಡಲು ಹೇಳಿ. ನಿಮ್ಮೂರಿನ ಮಳೆಗಾಲಕ್ಕೆ ಹೊರಗೋಡೆ ಸಲ್ಲ. ಒಳಗೋಡೆಗೆ, ಫ್ರೇಮಿನ ಹಿಂದೆ ಗಾಳಿಯಾಡುವಂತೆ ಕೆಳಗಿನ ಎರಡು ಮೂಲೆಗೆ ಕಾರ್ಕ್ ತುಂಡು ಕೊಟ್ಟು ತೂಗುಹಾಕಿ.