ಮಗುವನ್ನು ಎತ್ತಿಕೊಳ್ಳಿ, ಅದರ ಮುಖ ಮಾತ್ರ ಮುಚ್ಚಬೇಡಿ

ಮಗು ಕೈ ಬಿಡುತ್ತಿಲ್ಲ, ಮಗುವನ್ನು ಎದೆಗೆ ಬಿಗಿದು ಹೊರುವ ಚೀಲ, ಅಂದರೆ ಬೇಬಿ ಕ್ಯಾರಿಯರ್ ಕಟ್ಟಿಕೊಳ್ಳಬಹುದೇ ಎಂಬ ಪ್ರಶ್ನೆ ಪ್ರತಿ ಬಾರಿಯೂ ಬರುತ್ತದೆ. ಅದರ ಜೊತೆಗೆ ಯಾರೋ ಹೇಳಿದ ಹತ್ತು ಭಯಗಳೂ ಬರುತ್ತವೆ. ಆದ್ದರಿಂದ ಈ ಸಲ ಒಂದು ಪತ್ರಕ್ಕೆ ವಿವರವಾಗಿ ಉತ್ತರಿಸುತ್ತೇನೆ. ಹಸಿವು, ಒದ್ದೆ ಬಟ್ಟೆ, ಜ್ವರ ಇವನ್ನೆಲ್ಲ ನೋಡಿಯೇ ಬರೆದಿದ್ದೀರಿ ಎಂದುಕೊಂಡಿದ್ದೇನೆ.

ಪ್ರಶ್ನೆ: ಮಗಳಿಗೆ ಮೂರು ತಿಂಗಳು ತುಂಬಿದೆ, ತೂಕ ಐದೂಕಾಲು ಕಿಲೋ. ಬೆನ್ನು ಹಾಸಿಗೆಗೆ ತಾಗಿದೊಡನೆ ಅಳುತ್ತಾಳೆ. ಸೊಂಟಕ್ಕೆ ಬಕಲ್ ಹಾಕುವ ಕ್ಯಾರಿಯರ್ ತರಿಸಿದೆವು. ಅದರಲ್ಲಿ ಕೂರಿಸಿದರೆ ಇನ್ನೂ ಜೋರಾಗಿ ಅಳುತ್ತಾಳೆ. ಕಾಲು ಸೊಟ್ಟಗಾಗುತ್ತದೆ, ಎತ್ತಿ ರೂಢಿಯಾದರೆ ಮುಂದೆ ಕೆಳಗೆ ಇಳಿಯುವುದೇ ಇಲ್ಲ ಎಂದು ಅತ್ತೆ ಹೇಳುತ್ತಾರೆ. ವಾಪಸ್ ಕಳಿಸಲೇ?
– ದಾವಣಗೆರೆಯ ಓದುಗರು

ಉತ್ತರ: ಕಳಿಸಬೇಡಿ. ಮೊದಲು ರೂಢಿಯ ಮಾತು. ಮೂರು ತಿಂಗಳ ಕೂಸು ಹಟ ಹಿಡಿಯುವುದನ್ನು ಇನ್ನೂ ಕಲಿತಿಲ್ಲ. ಮೈಯ ಬಿಸುಪು ತಪ್ಪಿದರೆ ಅಳುತ್ತದೆ, ಅಷ್ಟೇ. 1986ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ, ಅಳದಿದ್ದಾಗಲೂ ಹೆಚ್ಚು ಹೊತ್ತು ಎತ್ತಿಕೊಂಡ ಮಕ್ಕಳು ಆರು ವಾರದ ವಯಸ್ಸಿಗೆ ಉಳಿದವರಿಗಿಂತ ಶೇ 43ರಷ್ಟು ಕಡಿಮೆ ಅತ್ತರು. ಆದರೆ ಆಗಲೇ ಕಾರಣ ತಿಳಿಯದ ದೀರ್ಘ ಅಳುವಾದ ಕೋಲಿಕ್‌ನಿಂದ ವಿಪರೀತ ಅಳುತ್ತಿದ್ದ ಮಕ್ಕಳಲ್ಲಿ ಈ ಲಾಭ ಕಾಣಲಿಲ್ಲ ಎಂದು 1991ರ ಇನ್ನೊಂದು ಅಧ್ಯಯನ ಹೇಳಿತು. ಹಾಗಾಗಿ ಕ್ಯಾರಿಯರ್ ಔಷಧವೆಂದು ಮಾರುವವರನ್ನು ನಂಬಬೇಡಿ. ಅದರಿಂದ ನಿಮ್ಮ ಎರಡು ಕೈ ಬಿಡುವಾಗುತ್ತವೆ, ಮಗುವಿಗೆ ನಿಮ್ಮ ಮೈ ಸಿಗುತ್ತದೆ. ಎದೆಗೆ ಅಂಟಿಸಿಕೊಂಡರೆ ಮಗು ಕೆಡುತ್ತದೆ ಎನ್ನುವವರು ಶಿಶುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಇಟ್ಟುಕೊಳ್ಳುವ ಕಾಂಗರೂ ಆರೈಕೆಯನ್ನು ನೋಡಲಿ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾದ ಈ ಪದ್ಧತಿಯನ್ನು ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಕಡಿಮೆ ತೂಕದ ಶಿಶುಗಳಿಗೆ ವ್ಯಾಪಕವಾಗಿ ಬಳಸಲಾಗಿದೆ. ಅದು ಜೀವ ಉಳಿಸುವ ಆರೈಕೆ.

ಇನ್ನು ಕಾಲು. ಎಳೆಯ ಮಕ್ಕಳ ಕಾಲು ಸಹಜವಾಗಿಯೇ ಸ್ವಲ್ಪ ಬಾಗಿರುತ್ತದೆ, ಕ್ಯಾರಿಯರ್‌ಗೂ ಅದಕ್ಕೂ ಸಂಬಂಧವಿಲ್ಲ. ಕಾಳಜಿ ಬೇಕಾಗಿರುವುದು ಸೊಂಟದ ಕೀಲಿಗೆ. ಕಂಕುಳಲ್ಲಿ ಎತ್ತಿಕೊಂಡಾಗ ಮಗುವಿನ ಕಾಲು ಅಗಲವಾಗಿ ನಮ್ಮ ಸೊಂಟವನ್ನು ತಬ್ಬುತ್ತದಲ್ಲ, ಕ್ಯಾರಿಯರ್‌ನಲ್ಲೂ ಹಾಗೆಯೇ ಇರಬೇಕು. ಬಟ್ಟೆ ಒಂದು ಮೊಣಕಾಲಿನಿಂದ ಇನ್ನೊಂದರವರೆಗೆ ತೊಡೆಗೆ ಆಸರೆ ಕೊಡಬೇಕು, ಮಂಡಿ ಕುಂಡೆಗಿಂತ ತುಸು ಮೇಲಿರಬೇಕು. ತೊಡೆಸಂದಿಗೆ ಮಾತ್ರ ಒಂದು ಪಟ್ಟಿ ಇದ್ದು ಕಾಲು ನೆಟ್ಟಗೆ ಜೋತುಬೀಳುವ ಮಾದರಿಯಾದರೆ ಅದನ್ನು ಬದಲಾಯಿಸಿ. ಎಣ್ಣೆನೀರು ಹಾಕಿದ ಮೇಲೆ ಮಗುವಿನ ಕಾಲುಗಳನ್ನು ನೀಳವಾಗಿ ಎಳೆದು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುತ್ತಾರಲ್ಲ, ಕೀಲಿಗೆ ನಿಜವಾದ ತೊಂದರೆ ಅದರಿಂದ. ಅತ್ತೆಯವರಿಗೆ ಇದನ್ನು ಓದಿ ಹೇಳಿ.

ನನಗೆ ಭಯವಿರುವುದು ಉಸಿರಾಟದ ವಿಷಯದಲ್ಲಿ. ಇದನ್ನು ಯಾರೂ ಕೇಳುವುದೇ ಇಲ್ಲ! ನಾಲ್ಕು ತಿಂಗಳೊಳಗಿನ ಮಗುವಿಗೆ ತಲೆ ಭಾರ, ಕುತ್ತಿಗೆ ಸಡಿಲ. ಗದ್ದ ಎದೆಗೆ ಒತ್ತಿಕೊಂಡರೆ ಶ್ವಾಸನಾಳ ಮಡಚಿಕೊಳ್ಳುತ್ತದೆ, ಮಗುವಿಗೆ ಅಳಲೂ ಆಗುವುದಿಲ್ಲ. ಹಿಂದಿನ 20 ವರ್ಷಗಳಲ್ಲಿ ಜೋಳಿಗೆಯಂಥ ಸ್ಲಿಂಗ್‌ಗಳಿಗೆ ಸಂಬಂಧಿಸಿದ ಕನಿಷ್ಠ 14 ಶಿಶುಗಳ ಸಾವನ್ನು ಗುರುತಿಸಿದ್ದಾಗಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2010ರಲ್ಲಿ ಎಚ್ಚರಿಸಿತು. ಅವರಲ್ಲಿ 12 ಮಕ್ಕಳು ನಾಲ್ಕು ತಿಂಗಳೊಳಗಿನವರು. ಆದ್ದರಿಂದ ಮಗು ನೆಟ್ಟಗೆ, ನಿಮ್ಮ ಎದೆಗೆ ಮುಖ ಮಾಡಿ ಕೂತಿರಬೇಕು. ತಲೆ ಬಗ್ಗಿಸಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಮೇಲಿರಬೇಕು. ಗದ್ದದ ಕೆಳಗೆ ನಿಮ್ಮ ಎರಡು ಬೆರಳು ಹಿಡಿಸಬೇಕು. ಮೂಗು, ಬಾಯಿ ಸದಾ ಕಣ್ಣಿಗೆ ಕಾಣುತ್ತಿರಬೇಕು. ಬಿಸಿಲು, ಗಾಳಿ, ದೃಷ್ಟಿ ಎಂದು ಸೆರಗನ್ನು ಮುಖದ ಮೇಲೆ ಎಳೆಯಬೇಡಿ. ಕ್ಯಾರಿಯರ್‌ನಲ್ಲೇ ಹಾಲು ಕುಡಿಸಿದರೆ, ಕುಡಿದು ಮುಗಿದೊಡನೆ ಮಗುವನ್ನು ಮತ್ತೆ ನೆಟ್ಟಗೆ ಕೂರಿಸಿ. ಅದನ್ನು ಕಟ್ಟಿಕೊಂಡೇ ನೀವು ಮಲಗಬೇಡಿ. ದಿನ ತುಂಬದೆ ಹುಟ್ಟಿದ, ತೂಕ ಕಡಿಮೆಯಿರುವ ಅಥವಾ ಉಸಿರಾಟದ ತೊಂದರೆಯಿರುವ ಮಗುವಾದರೆ ವೈದ್ಯರನ್ನು ಕೇಳದೆ ಕಟ್ಟಲೇಬೇಡಿ.

ಹಾಗಾದರೆ ಅವಳು ಏಕೆ ಅಳುತ್ತಾಳೆ? ನನ್ನ ಊಹೆ ಇದು: ಅಳುವಾಗ ಅವಸರದಲ್ಲಿ ಕೂರಿಸಿ, ಬಕಲ್ ಹುಡುಕುತ್ತಾ ನಿಂತಲ್ಲೇ ನಿಲ್ಲುತ್ತೀರಿ. ಮೊದಲು ಐದು ಕಿಲೋ ಅಕ್ಕಿಯ ಚೀಲವಿಟ್ಟು ಕನ್ನಡಿಯ ಮುಂದೆ ಅಭ್ಯಾಸ ಮಾಡಿ, ಕೈಗೆ ಪಟ್ಟಿಗಳು ತಾವಾಗಿ ಸಿಗಬೇಕು. ಬಳಿಕ ಮಗಳು ಹಾಲು ಕುಡಿದು, ನಿದ್ದೆ ಮುಗಿಸಿ ಗೆಲುವಾಗಿರುವಾಗ, ಮಂಚದ ಪಕ್ಕದಲ್ಲಿ ನಿಂತು ಕೂರಿಸಿ. ಬಕಲ್ ಬಿದ್ದ ಕ್ಷಣವೇ ನಡೆಯಿರಿ. ತಾಯಿ ಎತ್ತಿಕೊಂಡು ನಡೆಯತೊಡಗಿದೊಡನೆ ಮಗುವಿನ ಹೃದಯಬಡಿತ ಇಳಿಯುತ್ತದೆ, ಸುಮ್ಮನೆ ಕೂತರೆ ಹಾಗಾಗುವುದಿಲ್ಲ ಎಂದು ಜಪಾನಿನ ಸಂಶೋಧಕರು 2013ರಲ್ಲಿ ತೋರಿಸಿದ್ದಾರೆ. ಅದೇ ತಂಡ 2022ರಲ್ಲಿ ಕೊಟ್ಟ ಸಲಹೆಯೂ ಉಪಯುಕ್ತ: ಅಳುವ ಮಗುವನ್ನು ಐದು ನಿಮಿಷ ಎತ್ತಿಕೊಂಡು ನಡೆಯಿರಿ, ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಕೂತಿದ್ದು ಆಮೇಲೆ ಮಲಗಿಸಿ. ಕೆಲವೇ ಮಕ್ಕಳ ಮೇಲೆ ಮಾಡಿದ ಅಧ್ಯಯನ ಅದು, ಆದರೂ ಪ್ರಯತ್ನಿಸುವುದರಲ್ಲಿ ನಷ್ಟವಿಲ್ಲ. ಮೊದಲ ದಿನಗಳಲ್ಲಿ ಹತ್ತು ನಿಮಿಷ ಸಾಕು. ನಡೆದರೂ ಅಳುತ್ತಿದ್ದರೆ ತೆಗೆದುಬಿಡಿ, ಮರುದಿನ ನೋಡಿ.

ಕೈ ಬಿಡುವಾಯಿತೆಂದು ಒಲೆಯ ಮುಂದೆ ನಿಲ್ಲಬೇಡಿ. ಒಗ್ಗರಣೆಯ ಸಾಸಿವೆ ಸಿಡಿಯುವುದು ಸರಿಯಾಗಿ ಮಗುವಿನ ಬೆನ್ನಿನ ಎತ್ತರಕ್ಕೆ. ನಿಮಗೆ ಸಿಸೇರಿಯನ್ ಆಗಿ ಹೊಲಿಗೆ ಇನ್ನೂ ನೋಯುತ್ತಿದ್ದರೆ ಸೊಂಟದ ಪಟ್ಟಿಯನ್ನು ಮೇಲೆ ಕಟ್ಟಿ, ಇಲ್ಲವೇ ಕ್ಯಾರಿಯರನ್ನು ನಿಮ್ಮ ಯಜಮಾನರಿಗೆ ಕಟ್ಟಿ. ಅವರ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ. ದಾವಣಗೆರೆಯ ಬೇಸಿಗೆಯಲ್ಲಿ ಮಗುವಿಗೆ ಒಂದೇ ತೆಳು ಹತ್ತಿಬಟ್ಟೆ ಹಾಕಿ. ಸ್ವೆಟರ್, ಟೋಪಿ ಬೇಡ.

ಪ್ರಶ್ನೆ: ಮಗುವಿನ ಮುಖ ರಸ್ತೆಯ ಕಡೆ ಇರುವಂತೆ ಕೂರಿಸಬಹುದೇ?
ಉತ್ತರ: ಆರು ತಿಂಗಳು ತುಂಬಿ ಕುತ್ತಿಗೆ ಗಟ್ಟಿಯಾದ ಮೇಲೆ, ಸ್ವಲ್ಪ ಹೊತ್ತು. ತೂಕಡಿಸಿದರೆ ಒಳಮುಖ ಮಾಡಿ.

ಪ್ರಶ್ನೆ: ಹಳೆಯ ಸೀರೆಯಲ್ಲಿ ಕಟ್ಟಿಕೊಂಡರೆ ಆಗದೇ?
ಉತ್ತರ: ಗಂಟು ಹಾಕುವುದನ್ನು ಬಲ್ಲವರಿಂದ ಕಲಿತಿದ್ದರೆ ಆಗುತ್ತದೆ. ಸವೆದ ಸೀರೆ ಬೇಡ. ಮುಖದ ನಿಯಮ ಅದಕ್ಕೂ ಅನ್ವಯ.

ಪ್ರಶ್ನೆ: ಕ್ಯಾರಿಯರ್ ಬದಲು ವಾಕರ್ ಕೊಂಡರೆ?
ಉತ್ತರ: ಬೇಡ. ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿದೆ.

ಪ್ರಶ್ನೆ: ಐದು ತಿಂಗಳ ಮಗನನ್ನು ಕ್ಯಾರಿಯರ್‌ನಲ್ಲಿ ಕಟ್ಟಿಕೊಂಡು ಸ್ಕೂಟರ್ ಓಡಿಸುತ್ತೇನೆ. ಬೆಲ್ಟ್ ಕಡ್ಡಾಯವೆಂದು ಕಾನೂನೇ ಇದೆಯಲ್ಲ?
ಉತ್ತರ: ಇಂದೇ ನಿಲ್ಲಿಸಿ. 2023ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಆ ನಿಯಮ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಸುರಕ್ಷತಾ ಬೆಲ್ಟ್ ಜೊತೆಗೆ ಹೆಲ್ಮೆಟ್ ಹಾಗೂ ಗಂಟೆಗೆ 40 ಕಿ.ಮೀ. ವೇಗದ ಮಿತಿಯನ್ನೂ ಅದು ಹೇಳುತ್ತದೆ. ಮಗುವನ್ನು ಹೊರುವ ಕ್ಯಾರಿಯರ್ ಆ ಬೆಲ್ಟ್ ಆಗುವುದಿಲ್ಲ. ಐದು ತಿಂಗಳ ಮಗುವಿಗೆ ಸ್ಕೂಟರೇ ಬೇಡ.

ಪ್ರಶ್ನೆ: ಎಂಟು ತಿಂಗಳ ಮಗು ನಾನು ಕಣ್ಮರೆಯಾದರೆ ಕಿರುಚುತ್ತದೆ. ಬಾಲಗ್ರಹವೆಂದು ಒಬ್ಬರು ಕೊರಳಿಗೆ ತಾಯಿತ ಕಟ್ಟಿ, ನೆಕ್ಕಿಸಲು ಪುಡಿ ಕೊಟ್ಟಿದ್ದಾರೆ. ಕಡಿಮೆಯಾಗದಿದ್ದರೆ ಹೊಟ್ಟೆಗೆ ಬರೆ ಹಾಕಬೇಕಂತೆ.
ಉತ್ತರ: ಆ ಮನುಷ್ಯನನ್ನು ಹೊಸಿಲು ದಾಟಲು ಬಿಡಬೇಡಿ. ಈ ವಯಸ್ಸಿನಲ್ಲಿ ಅಮ್ಮ ಕಾಣದಿದ್ದರೆ ಅಳುವುದು ಬೆಳವಣಿಗೆಯ ಲಕ್ಷಣ, ತಾನಾಗಿ ಕಡಿಮೆಯಾಗುತ್ತದೆ. ಪುಡಿಯನ್ನು ಚೆಲ್ಲಿ, ಕೊರಳ ದಾರವನ್ನು ಈಗಲೇ ಕತ್ತರಿಸಿ. ಅದು ಕ್ಯಾರಿಯರ್‌ನ ಬಕಲ್‌ಗೆ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆ. ಅಳುವಿನ ಜೊತೆ ಜ್ವರ, ಹಸಿರು ವಾಂತಿ ಅಥವಾ ಹಾಲು ಬಿಡುವುದು ಕಂಡರೆ ಅದೇ ದಿನ ಮಕ್ಕಳ ವೈದ್ಯರಿಗೆ ತೋರಿಸಿ.