ಮೋಟರ್ ನಿಂತಿದ್ದರೂ ಎಸಿಎಸ್712 ಕರೆಂಟ್ ತೋರಿಸುತ್ತಿದೆ, ಸೆನ್ಸರ್ ಕೆಟ್ಟಿದೆಯಾ?

ಸೆನ್ಸರ್ ಕೆಟ್ಟಿಲ್ಲ, ಎಸೆಯಬೇಡಿ. ನಿಮ್ಮದು 12 ವೋಲ್ಟಿನ ಸಣ್ಣ ಗೇರ್ ಮೋಟರ್, ಆರ್ಡುಯಿನೊ ಊನೊ ಬೋರ್ಡು, ಕರೆಂಟ್ ಅಳೆಯುವ 30 ಆಂಪಿನ ಎಸಿಎಸ್712 ಸೆನ್ಸರ್. ಮೋಟರ್ ನಿಂತಾಗ 0.3 ಆಂಪ್ ಬರುತ್ತದೆ, ಪಿಡಬ್ಲ್ಯುಎಂನಲ್ಲಿ (ಅಂದರೆ ವೇಗ ಹಿಡಿತದಲ್ಲಿಡಲು ಸಪ್ಲೈಯನ್ನು ಬೇಗ ಬೇಗ ಆನ್-ಆಫ್ ಮಾಡುತ್ತಾ) ಓಡಿಸಿದರೆ ಅಂಕಿ ಕುಣಿಯುತ್ತದೆ, ಅಲ್ವಾ? ನನಗೂ ಹೀಗೇ ಆಗಿತ್ತು. ಎರಡು ಸಂಜೆ ಸುಮ್ನೆ ವೈರ್ ಬದಲಿಸುತ್ತಾ ಕೂತಿದ್ದೆ.

ಲೆಕ್ಕ ಹಾಕಿ ನೋಡಿ. ಊನೊ 5 ವೋಲ್ಟನ್ನು 1024 ಭಾಗ ಮಾಡಿ ಓದುತ್ತದೆ, ಒಂದು ಮೆಟ್ಟಿಲಿಗೆ ಸುಮಾರು 4.9 ಮಿಲಿವೋಲ್ಟ್. ಈ 30 ಆಂಪಿನ ಸೆನ್ಸರ್ ಒಂದು ಆಂಪಿಗೆ ಕೊಡುವುದು ಬರೀ 66 ಮಿಲಿವೋಲ್ಟ್. ಅಂದರೆ ಲೋಡ್ ಇಲ್ಲದ ನಿಮ್ಮ ಮೋಟರ್ 0.4 ಆಂಪ್ ಎಳೆದರೆ ಅದು ಐದಾರು ಮೆಟ್ಟಿಲಷ್ಟೇ! ನಿಂತಾಗ ಕಾಣುವ 0.3 ಆಂಪ್ ಕೂಡ ನಾಲ್ಕು ಮೆಟ್ಟಿಲಿನ ತಪ್ಪು, ಅಷ್ಟೇ. 5 ಆಂಪಿನ ಮಾಡ್ಯೂಲ್ ತಗೊಳ್ಳಿ, ಅದು ಆಂಪಿಗೆ 185 ಮಿಲಿವೋಲ್ಟ್ ಕೊಡುತ್ತದೆ. ಅದೇ 0.4 ಆಂಪ್ ಆಗ 15 ಮೆಟ್ಟಿಲಾಗುತ್ತದೆ.

ಕೋಡಿನಲ್ಲಿ ಸೊನ್ನೆ ಆಂಪಿಗೆ, 1024ರ ಅರ್ಧ ಅಂತ, 512 ಅಂತ ಬರೆದುಬಿಡಬೇಡಿ. ಸೆಟಪ್ಪಿನಲ್ಲಿ, ಮೋಟರ್ ಆಫ್ ಇರುವಾಗಲೇ, ಐನೂರು ಸಲ ಓದಿ ಸರಾಸರಿ ಇಟ್ಟುಕೊಳ್ಳಿ. ನನ್ನದರಲ್ಲಿ 508 ಬಂದಿತ್ತು. ಮೊತ್ತವನ್ನು ದೊಡ್ಡ ಸಂಖ್ಯೆ ಹಿಡಿಸುವ ಲಾಂಗ್‌ನಲ್ಲಿ ಕೂಡಿಸಿ, ಯಾಕಂದ್ರೆ ಊನೊದಲ್ಲಿ ಮಾಮೂಲಿ ಇಂಟ್ ವೇರಿಯಬಲ್ 32767 ದಾಟಿದರೆ ಮೈನಸ್‌ಗೆ ಹೋಗುತ್ತದೆ. ಮೋಟರನ್ನು ಸೆನ್ಸರಿನ ಪಕ್ಕದಲ್ಲಿ ಇಡಲೂಬೇಡಿ. ಅದು ಹಾಲ್ ಸೆನ್ಸರ್, ಅಂದರೆ ಕರೆಂಟಿನ ಕಾಂತಕ್ಷೇತ್ರವನ್ನು ಅಳೆಯುವಂಥದ್ದು, ಮೋಟರಿನ ಮ್ಯಾಗ್ನೆಟ್ಟೂ ಅದಕ್ಕೆ ಕರೆಂಟಿನ ಹಾಗೇ ಕಾಣುತ್ತದೆ.

ಅಂಕಿ ಕುಣಿಯುವುದಕ್ಕೆ ನಿಜವಾದ ಕಾರಣ ಪಿಡಬ್ಲ್ಯುಎಂ. 9ನೇ ಪಿನ್ನಿನಲ್ಲಿ ಅದು ಸುಮಾರು 490 ಹರ್ಟ್ಸ್, ಒಂದು ಸುತ್ತಿಗೆ 2 ಮಿಲಿಸೆಕೆಂಡ್. ಸೆನ್ಸರನ್ನು ಒಮ್ಮೆ ಓದುವ ಅನಲಾಗ್‌ರೀಡ್‌ಗೆ 0.1 ಮಿಲಿಸೆಕೆಂಡ್ ಸಾಕು, ಹಾಗಾಗಿ ಒಂದು ಸಲ ಆನ್ ಇದ್ದಾಗ ಓದುತ್ತೀರಿ, ಇನ್ನೊಂದು ಸಲ ಆಫ್ ಇದ್ದಾಗ. ಸಮಯ ಹೇಳುವ ಮಿಲಿಸ್ ಫಂಕ್ಷನ್ ಇಟ್ಟುಕೊಂಡು 100 ಮಿಲಿಸೆಕೆಂಡ್ ಪೂರ್ತಿ ಓದುತ್ತಾ ಹೋಗಿ, ಕೊನೆಗೆ ಸರಾಸರಿ ತೆಗೆಯಿರಿ. 49 ಸುತ್ತು ಅದರಲ್ಲಿ ಬಂದುಬಿಡುತ್ತದೆ.

ಇನ್ನು ಸೆನ್ಸರನ್ನು ಎಲ್ಲಿ ಹಾಕಿದ್ದೀರಿ ಅಂತ ನೀವು ಹೇಳಿಲ್ಲ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಬ್ಯಾಟರಿ ಮತ್ತು ಡ್ರೈವರ್ (ಮೋಟರನ್ನು ಆನ್-ಆಫ್ ಮಾಡುವ ಬೋರ್ಡು) ನಡುವೆ ಹಾಕಿದರೆ ಬ್ಯಾಟರಿಯಿಂದ ಹೋಗುವ ಕರೆಂಟ್ ಸಿಗುತ್ತದೆ. ಡ್ರೈವರ್ ಮತ್ತು ಮೋಟರ್ ನಡುವೆ ಹಾಕಿದರೆ ಮೋಟರಿನದೇ ಸಿಗುತ್ತದೆ. ಎರಡೂ ಒಂದೇ ಅಲ್ಲ. ಪಿಡಬ್ಲ್ಯುಎಂ ಆಫ್ ಆದ ಕ್ಷಣದಲ್ಲೂ ಮೋಟರಿನ ಕರೆಂಟ್ ಡಯೋಡ್ ಮೂಲಕ ಸುತ್ತುತ್ತಲೇ ಇರುತ್ತದೆ, ಬ್ಯಾಟರಿಗೆ ಅದು ಗೊತ್ತೇ ಆಗುವುದಿಲ್ಲ. ಮೋಟರ್ ಸಿಕ್ಕಿಕೊಂಡಿದೆಯಾ ಅಂತ ತಿಳಿಯಬೇಕಿದ್ದರೆ ಮೋಟರ್ ಕಡೆಗೇ ಹಾಕಿ.

ಇಷ್ಟು ಮಾಡಿದ ಮೇಲೆ ಶಾಫ್ಟಿಗೆ ದಪ್ಪ ಬಟ್ಟೆ ಸುತ್ತಿ ಮೆಲ್ಲಗೆ ಹಿಡಿದು ನೋಡಿ. ನನ್ನ ಮೋಟರಿನಲ್ಲಿ 0.4 ಇದ್ದದ್ದು ಹಿಡಿತ ಬಿಗಿಯಾದ ಹಾಗೆ 0.7, 1.1 ಅಂತ ಏರಿತು, ಬಿಟ್ಟ ತಕ್ಷಣ ವಾಪಸ್ ಇಳಿಯಿತು. ಪೂರ್ತಿ ನಿಲ್ಲಿಸಿ ಹಿಡಿಯಬೇಡಿ, ವೈಂಡಿಂಗ್ ಬಿಸಿಯಾಗುತ್ತದೆ. ನಿಮಗೆ ಎಷ್ಟು ಬಂತು, ಸೆನ್ಸರ್ ಯಾವ ಕಡೆ ಇದೆ ಅಂತ ಬರೆಯಿರಿ, ಕೋಡನ್ನೂ ಹಾಕಿ, ನೋಡುತ್ತೇನೆ.