ವಾಹನ ಪ್ರಶ್ನೋತ್ತರ: ಅರ್ಧ ಬೆಲೆಗೆ ಬಂದ ಮಸೆರಾಟಿ

ಪ್ರಶ್ನೆ: ಮುಂಬೈ ನೋಂದಣಿಯ 2016ರ ಮಸೆರಾಟಿ ಕ್ವಾಟ್ರೊಪೋರ್ಟೆ ಜಿಟಿಎಸ್, ಹೊಸದರ ಅರ್ಧ ಬೆಲೆಗಿಂತಲೂ ಕಡಿಮೆಗೆ ಬಂದಿದೆ. ಓಡಿದ್ದೂ ಕಮ್ಮಿ. ಮನೆಯವರು ಬೇಡ ಅಂತಾರೆ, ಮನಸ್ಸು ಕೇಳವಲ್ದು. ತಗೋಬೇಕೋ, ಬಿಡಬೇಕೋ?
– ಓದುಗರು, ತಿಲಕವಾಡಿ, ಬೆಳಗಾವಿ

ಉತ್ತರ: ಮನಸ್ಸು ಕೇಳದಿರುವುದು ಸಹಜವೇ. ಬಾನೆಟ್ಟಿನ ಕೆಳಗಿರುವುದು ಮರನೆಲ್ಲೊದ ಫೆರಾರಿ ಕಾರ್ಖಾನೆಯಲ್ಲಿ ಜೋಡಿಸಿದ, ಎರಡು ಟರ್ಬೊಗಳ 3.8 ಲೀಟರ್ ವಿ8 ಎಂಜಿನ್. ಶಕ್ತಿ 530 ಪಿಎಸ್ (ಅಶ್ವಶಕ್ತಿ). ನಾಲ್ಕು ಮಂದಿ ಕಾಲು ಚಾಚಿ ಕೂರುವ ಇಷ್ಟು ದೊಡ್ಡ ಕಾರು 4.7 ಸೆಕೆಂಡಿನಲ್ಲಿ 100 ಕಿ.ಮೀ. ವೇಗ ಮುಟ್ಟುತ್ತದೆ. ಸ್ಪೋರ್ಟ್ ಬಟನ್ ಒತ್ತಿದರೆ ಸೈಲೆನ್ಸರ್ ಕವಾಟಗಳು ತೆರೆದುಕೊಂಡು ಎಂಜಿನ್ನಿನ ದನಿಯೇ ಬದಲಾಗುತ್ತದೆ. 2018ರ ಮಾದರಿಗಿಂತ ಮುಂಚಿನವುಗಳಲ್ಲಿ ಸ್ಟಿಯರಿಂಗ್ ಹೈಡ್ರಾಲಿಕ್ ಆಗಿರುವುದರಿಂದ ರಸ್ತೆಯ ಹದ ಅಂಗೈಗೆ ತಿಳಿಯುತ್ತದೆ. ಓಡಿಸುವ ಸುಖದ ವಿಷಯದಲ್ಲಿ ಈ ಕಾರಿಗೆ ನಮ್ಮ ಪೂರ್ಣ ಅಂಕ.

ಆದರೆ ಬೆಲೆ ಇಳಿದದ್ದು ಕಾರಿನದು, ಬಿಡಿಭಾಗಗಳದ್ದಲ್ಲ. ಬ್ರೇಕ್ ಡಿಸ್ಕು, ಡ್ಯಾಂಪರ್ (ಶಾಕ್ ಅಬ್ಸಾರ್ಬರ್), ಹೆಡ್‌ಲೈಟುಗಳಿಗೆ ಇವತ್ತಿಗೂ ಹೊಸ ಕಾರಿನ ಅಂತಸ್ತಿನದೇ ದರ. ಹೆಚ್ಚಿನವು ಹೊರದೇಶದಿಂದ ಬರಬೇಕು, ವಾರಗಟ್ಟಲೆ ಕಾಯಬೇಕು. ಕೊಳ್ಳುವ ಬೆಲೆಯ ಐದನೇ ಒಂದು ಪಾಲನ್ನು ಮೊದಲ ವರ್ಷದ ರಿಪೇರಿಗೆಂದೇ ತೆಗೆದಿಟ್ಟು, ಆಮೇಲೆ ಕಾರಿಗೆ ಚೆಕ್ ಬರೆಯಿರಿ. ಅಷ್ಟು ಕೈಯಲ್ಲಿಲ್ಲದಿದ್ದರೆ ಮನೆಯವರ ಮಾತು ಕೇಳುವುದೇ ಸರಿ.

ಕಮ್ಮಿ ಓಡಿದೆ ಎಂದು ಮರುಳಾಗಬೇಡಿ. ನಿಂತೇ ಇದ್ದ ಕಾರಿನ ರಬ್ಬರು ಒಣಗಿ ಬಿರಿಯುತ್ತದೆ. ಬೆಳಿಗ್ಗೆ ಹೋಗಿ ನೋಡಿ, ಮೊದಲು ಬಾನೆಟ್ ಮೇಲೆ ಕೈ ಇಡಿ. ಬಿಸಿಯಿದ್ದರೆ ಮಾರುವವರು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ. ಇನ್ನೊಂದು ದಿನ ಬರುತ್ತೇನೆಂದು ಹೇಳಿ ಬನ್ನಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆದಾಗ ಕಟಕಟ ಸದ್ದು ನಿಲ್ಲದಿದ್ದರೆ, ನೀಲಿ ಹೊಗೆ ಬಂದರೆ, ಆ ಕಾರು ಬೇಡ. ನಂತರ ಲಿಫ್ಟಿಗೆ ಏರಿಸಿ. ಮುಂದಿನ ಸಸ್ಪೆನ್ಶನ್ ಆರ್ಮ್‌ಗಳ ರಬ್ಬರ್ ಬುಶ್ ಸೀಳಿದೆಯೇ, ಡ್ಯಾಂಪರಿನಿಂದ ಎಣ್ಣೆ ಜಿನುಗಿದೆಯೇ ನೋಡಿ. ಬ್ರೇಕ್ ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟೆಂದು ಅಚ್ಚೊತ್ತಿರುತ್ತದೆ, ಅಳತೆ ಮಾಡಿಸಿ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ: 2319 ಎಂದಿದ್ದರೆ 2019ರ 23ನೇ ವಾರದ ಟೈರು. ಆರು ವರ್ಷ ದಾಟಿದ್ದರೆ ಟೈರಿನ ಗೀರು ಎಷ್ಟೇ ಆಳವಿರಲಿ, ನಾಲ್ಕೂ ಹೊಸವು ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. 20 ಇಂಚಿನ ಚಕ್ರಗಳಿಗೆ ಮುಂದೆ 245/40, ಹಿಂದೆ 285/35 ಅಳತೆ. ಹಿಂದು ಮುಂದು ಅದಲುಬದಲು ಮಾಡಲು ಬರುವುದಿಲ್ಲ.

ಬೆಳಗಾವಿಗೆ ಬೆಂಗಳೂರು, ಮುಂಬೈ ಎರಡೂ ಸುಮಾರು 500 ಕಿ.ಮೀ. ಕಾರು ಕೈಕೊಟ್ಟರೆ ಹಗ್ಗ ಕಟ್ಟಿ ಎಳೆಸುವಂತಿಲ್ಲ. ಎಂಜಿನ್ ನಿಂತಾಗ ಗೇರ್‌ಬಾಕ್ಸಿನ ಆಯಿಲ್ ಪಂಪೂ ನಿಲ್ಲುತ್ತದೆ. ಹಿಂದಿನ ಚಕ್ರ ಉರುಳುತ್ತಿದ್ದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಸವೆದು ಸುಡುತ್ತವೆ. ನಾಲ್ಕೂ ಚಕ್ರ ಮೇಲಿಡುವ ಫ್ಲಾಟ್‌ಬೆಡ್ ಲಾರಿಯೇ ಬೇಕು. ಅಂಥ ಲಾರಿಯವರೊಬ್ಬರ ನಂಬರು ಮೊದಲೇ ಹುಡುಕಿಟ್ಟುಕೊಳ್ಳಿ.

ಎಂ.ಎಚ್. ನಂಬರಿನಲ್ಲೇ ಓಡಿಸುತ್ತೇನೆ ಎಂದುಕೊಂಡಿದ್ದರೆ, ಕಾನೂನಿನ ಗಡುವು 12 ತಿಂಗಳು. ಅಲ್ಲಿಂದ ಫಾರಂ 28ರಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಇಲ್ಲಿ ಫಾರಂ 27 ಕೊಟ್ಟು ಕೆಎ-22 ನಂಬರು ಪಡೆಯಬೇಕು. ಆಜೀವ ತೆರಿಗೆ ಕೂಡ ನೀವು ಕೊಟ್ಟ ಹಣದ ಮೇಲಲ್ಲ. ಹೊಸದಿದ್ದಾಗಿನ ಬೆಲೆ ಹಿಡಿದು, ವಯಸ್ಸಿಗೆ ತಕ್ಕಷ್ಟು ಇಳಿಸಿ ಲೆಕ್ಕ ಹಾಕುತ್ತಾರೆ. ಮೊತ್ತವನ್ನು ಆರ್‌ಟಿಒದಲ್ಲಿ ಕೇಳಿಕೊಂಡೇ ಮುಂಗಡ ಕೊಡಿ.

ಪ್ರಶ್ನೆ: ನಮ್ಮ ಶೆಡ್ಡು 16 ಅಡಿ ಉದ್ದ. ಇದೇ ಕಾರು ಹಿಡಿಸುತ್ತದೆಯೇ? ಹಂಪುಗಳ ಮೇಲೆ ಹೊಟ್ಟೆ ತಾಗುತ್ತದೆಯೇ?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ಹಿಡಿಸುವುದಿಲ್ಲ. ಕಾರೇ 17 ಅಡಿ 3 ಇಂಚು. ಡಿಕ್ಕಿ ತೆಗೆದು ಸುತ್ತ ಓಡಾಡಲು 20 ಅಡಿಯಾದರೂ ಬೇಕು.

ನಿಯಮದಂತೆ ಕಟ್ಟಿದ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರುತ್ತದೆ. ನಿಧಾನಕ್ಕೆ ಹೋದರೆ ತೊಂದರೆಯಿಲ್ಲ. ಊರವರೇ ಹಾಕಿಸಿದ ಗಿಡ್ಡ ಅಗಲದ, ಗೇಣೆತ್ತರದ ದಿಬ್ಬಗಳದ್ದೇ ಕಾಟ. ಮುಂದಿನ, ಹಿಂದಿನ ಚಕ್ರಗಳ ನಡುವೆ 3.17 ಮೀಟರ್ ಅಂತರ ಇರುವುದರಿಂದ ಮೂತಿ ಪಾರಾದರೂ ನಡು ತಾಗುತ್ತದೆ. ದಿಬ್ಬಕ್ಕೆ ಮುಂಚೆಯೇ ವೇಗ ಇಳಿಸಿ, ಚಕ್ರ ಏರುವ ಹೊತ್ತಿಗೆ ಬ್ರೇಕ್ ಬಿಟ್ಟಿರಿ. ಬ್ರೇಕ್ ಒತ್ತಿಕೊಂಡೇ ಏರಿದರೆ ಮೂತಿ ಕುಸಿದು ಬಂಪರಿನ ತುಟಿ ಸೀಳುತ್ತದೆ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ. ಹಿಂದೆ ಕೂತವರನ್ನು ಇಳಿಸಿದರೆ ಇನ್ನೂ ಒಳ್ಳೆಯದು.

ಕೇಳದಿದ್ದರೂ ಒಂದು ಮಾತು: ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ರಸ್ತೆಗಳಲ್ಲಿ ರಾತ್ರಿ ಈ ಕಾರು ತೆಗೆಯಬೇಡಿ. ಹಿಂದೆ ದೀಪವಿಲ್ಲದ ಜೋಡಿ ಟ್ರೇಲರ್ ಹೆಡ್‌ಲೈಟಿಗೆ ಸಿಗುವುದು ತೀರ ಹತ್ತಿರ ಬಂದ ಮೇಲೆಯೇ.

ಪ್ರಶ್ನೆ: ಇಂಥದೇ ಕಾರನ್ನು ತಿಂಗಳಲ್ಲಿ ಎರಡು ಸಲ ಮಾತ್ರ ತೆಗೆಯುತ್ತೇನೆ. ಬ್ಯಾಟರಿ, ಪೆಟ್ರೋಲು ಹೇಗೆ ನೋಡಿಕೊಳ್ಳಲಿ?
– ಓದುಗರು, ವಿಜಯಪುರ

ಉತ್ತರ: ಇಂಥ ಕಾರುಗಳ ಅಲಾರಂ, ಕಂಪ್ಯೂಟರುಗಳು ನಿಂತಾಗಲೂ ಕರೆಂಟು ಹೀರುತ್ತಲೇ ಇರುತ್ತವೆ. ಎಜಿಎಂ ಬ್ಯಾಟರಿಗೆ (ಈ ಕಾರಿನಲ್ಲಿರುವ ಬಗೆ) ಹೊಂದುವ, ನಿಂತಾಗಲೂ ಚಾರ್ಜ್ ಇಳಿಯದಂತೆ ನೋಡಿಕೊಳ್ಳುವ ಮೇಂಟೇನರ್ ಚಾರ್ಜರ್ ಹಚ್ಚಿಡಿ. ವೋಲ್ಟೇಜ್ ಕುಸಿದರೆ ಗೇರ್‌ಬಾಕ್ಸ್, ಸಸ್ಪೆನ್ಶನ್ ಎಂದು ಸಂಬಂಧವಿಲ್ಲದ ಎಚ್ಚರಿಕೆಗಳು ಸಾಲಾಗಿ ಬರುತ್ತವೆ. ದೊಡ್ಡ ರಿಪೇರಿಗೆ ಒಪ್ಪುವ ಮುನ್ನ ಬ್ಯಾಟರಿ ಪರೀಕ್ಷೆ ಮಾಡಿಸಿ.

ಕನಿಷ್ಠ 95 ಆಕ್ಟೇನ್ ಪೆಟ್ರೋಲನ್ನೇ ಹಾಕಿಸಿ. ಪೆಟ್ರೋಲಿಗೆ ಬೆರೆಸಿರುವ ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಾಗಾಗಿ ನಿಲ್ಲಿಸುವಾಗ ಟ್ಯಾಂಕ್ ತುಂಬಿರಲಿ. ವರ್ಷಕ್ಕೊಮ್ಮೆ ಇಂಧನದ ಪೈಪುಗಳು, ಸೀಲುಗಳು ಉಬ್ಬಿವೆಯೇ ನೋಡಿಸಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಇಡುವುದರಿಂದ ಉಪಯೋಗವಿಲ್ಲ. ಎಣ್ಣೆ ಪೂರ್ತಿ ಕಾಯುವುದಿಲ್ಲ, ಸೈಲೆನ್ಸರಿನಲ್ಲಿ ನೀರು ಉಳಿಯುತ್ತದೆ. ತೆಗೆದಾಗಲೆಲ್ಲ ಸೋಲಾಪುರ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ. ಟೈರಿನ ಗಾಳಿ ಮಾತ್ರ ಹೊರಡುವ ಮುನ್ನ, ಬಿಸಿಲೇರುವ ಮೊದಲೇ ನೋಡಿಕೊಳ್ಳಿ.